ಎಂಟು ಕಂಪ್ಯೂಟರ್, ಹದಿನಾಲ್ಕು ಜನ, ಮತ್ತೆ 1823ರ ಬಳ್ಳಾರಿ

(ಎಪಿಸೋಡಿನ ಬರಹರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನದು ಇತಿಹಾಸದ ಎಪಿಸೋಡೇ. ಆದ್ರೆ ರಾಜರಿಲ್ಲ, ಯುದ್ಧ ಇಲ್ಲ. ಒಂದು ಕಂಪ್ಯೂಟರ್ ಕ್ಲಾಸ್ ಇದೆ, ಇನ್ನೂರು ವರ್ಷದ ಹಿಂದಿನ ಒಂದು ಸರ್ಕಾರಿ ವರದಿ ಇದೆ. ಎರಡೂ ಬಳ್ಳಾರಿಯವು. ಮೊದಲು ಕ್ಲಾಸಿನ ಕಥೆ ಹೇಳ್ತೀನಿ, ಯಾಕಂದ್ರೆ ಅದರಲ್ಲಿ ತಪ್ಪು ಮಾಡಿದವನು ನಾನೇ.

2018. ಬಿ.ಕಾಂ ಮುಗಿದಿತ್ತು, ಕೆಲಸ ಇರಲಿಲ್ಲ. ಹಿಂದಿನ ವರ್ಷ ಜುಲೈ 1ಕ್ಕೆ ಜಿಎಸ್‌ಟಿ ಬಂದಿತ್ತಲ್ಲ, ಅಲ್ಲೀತನಕ ಪುಸ್ತಕದಲ್ಲಿ ಲೆಕ್ಕ ಬರೀತಿದ್ದ ಅಂಗಡಿ, ಗೋದಾಮು, ಹೊಲಿಗೆ ಯೂನಿಟ್ಟುಗಳಿಗೆಲ್ಲ ದಿಢೀರ್ ಅಂತ ಕಂಪ್ಯೂಟರ್ ಬೇಕಾಯ್ತು. ಬಳ್ಳಾರಿ ಅಂದ್ರೆ ಗೊತ್ತಲ್ಲ, ಜೀನ್ಸ್ ಹೊಲಿಯೋ ಊರು. ಎಷ್ಟು ಯೂನಿಟ್ಟೋ ಅಷ್ಟು ಲೆಕ್ಕ ಬರೆಯೋರು. ಅವರಿಗೆಲ್ಲ ಟ್ಯಾಲಿ ಕಲಿಸೋಕೆ ಸಣ್ಣ ಸಣ್ಣ ಸೆಂಟರ್‌ಗಳು ಹುಟ್ಟಿಕೊಂಡವು. ಅಂಥದ್ದೊಂದರಲ್ಲಿ ನಾನು ಸಂಜೆ ಬ್ಯಾಚಿನ ಮೇಷ್ಟ್ರು. ಹದಿನಾಲ್ಕು ಜನ, ಎಂಟು ಕಂಪ್ಯೂಟರ್. ಅದರಲ್ಲೂ ಒಂದರ ಯುಪಿಎಸ್ ಸತ್ತಿತ್ತು. ಕರೆಂಟ್ ಹೋದ್ರೆ ಆ ಸಿಸ್ಟಮ್ ಮುಂದೆ ಕೂತವರ ಇಡೀ ದಿನದ ಕೆಲಸವೂ ಹೋಗ್ತಿತ್ತು.

ಮೊದಲ ಸಾಲಲ್ಲಿ ಒಬ್ಬ ಹುಡುಗ. ಪಿಯುಸಿ ಮುಗಿಸಿದವನು, ಗೇಮ್ ಆಡಿ ಆಡಿ ಬೆರಳು ಹರಿತ ಮಾಡ್ಕೊಂಡವನು. ನಾನು ಬೋರ್ಡ್ ಮೇಲೆ ಬರೆದು ತಿರುಗೋದ್ರೊಳಗೆ ಅವನದು ಮುಗಿದಿರ್ತಿತ್ತು. ಕೊನೆ ಸಾಲಲ್ಲಿ ಒಬ್ಬ ಅಕ್ಕ, ನಲವತ್ತರ ಆಸುಪಾಸು. ಒಂದು ಹೊಲಿಗೆ ಯೂನಿಟ್ಟಲ್ಲಿ ಯಾರು ಎಷ್ಟು ಪೀಸ್ ಹೊಲಿದ್ರು ಅಂತ ಲೆಕ್ಕ ಇಡ್ತಿದ್ದವರು. ಮಾಲೀಕರು ಹೇಳಿದ್ರಂತೆ: ಕಂಪ್ಯೂಟರ್ ಕಲಿತ್ರೆ ಇರು, ಇಲ್ಲಾಂದ್ರೆ ಬೇರೆ ಹುಡುಗನ್ನ ಇಟ್ಕೊಳ್ತೀವಿ. ಮೊದಲ ದಿನ ಅವರು ಮೌಸ್ ಎಳ್ಕೊಂಡು ಎಳ್ಕೊಂಡು ಟೇಬಲ್ಲಿನ ಅಂಚಿಗೆ ತಂದು ನಿಲ್ಲಿಸಿ, ನನ್ನ ಮುಖ ನೋಡಿ, "ಸರ್, ಜಾಗ ಮುಗೀತ್ರಿ" ಅಂದ್ರು. ಎಲ್ಲರೂ ನಕ್ರು. ನಾನೂ ನಕ್ಕೆ. ಮೌಸ್ ಎತ್ತಿ ಮತ್ತೆ ನಡುವೆ ಇಟ್ಕೋಬಹುದು ಅನ್ನೋದನ್ನ ಅವರಿಗೆ ಯಾರೂ ಹೇಳಿರಲಿಲ್ಲ. ಅದು ಹೇಳಿಕೊಡಬೇಕಾದ ವಿಷಯ ಅಂತ ನನಗೂ ಹೊಳೆದಿರಲಿಲ್ಲ.

ಇಂಥ ಕ್ಲಾಸಲ್ಲಿ ಹೊಸ ಮೇಷ್ಟ್ರು ಮಾಡೋದೇ ನಾನೂ ಮಾಡಿದೆ. ನಡುಮಟ್ಟ ಹಿಡಿದು ಪಾಠ ಮಾಡಿದೆ. ಮುಂದಿನ ಸಾಲಿನವರು ಮೊಬೈಲ್ ತೆಗೆದ್ರು, ಹಿಂದಿನ ಸಾಲಿನವರು ಪಠ್ಯ ಬಿಟ್ಟು ನನ್ನ ಬಾಯಿ ನೋಡೋಕೆ ಶುರು ಮಾಡಿದ್ರು. ಆ ಅಕ್ಕ ಒಂದು ಉದ್ದನೆ ನೋಟ್‌ಬುಕ್ಕಲ್ಲಿ ಚಂದದ ಕನ್ನಡ ಅಕ್ಷರದಲ್ಲಿ ಬರ್ಕೊಳ್ತಿದ್ರು: "ಗೇಟ್‌ವೇ ಆಫ್ ಟ್ಯಾಲಿ, ಅಕೌಂಟ್ಸ್ ಇನ್ಫೋ, ಲೆಡ್ಜರ್ಸ್, ಕ್ರಿಯೇಟ್." ಕೇಳಿದ್ರೆ ತಡವರಿಸದೆ ಒಪ್ಪಿಸ್ತಿದ್ರು. ಹಾಗಂದ್ರೆ ಏನು ಅಂತ ಕೇಳಿದ್ರೆ ಸುಮ್ಮನಾಗ್ತಿದ್ರು.

ಆಗ ನನಗೊಂದು ಐಡಿಯಾ ಬಂತು. ಮುಗಿಸಿ ಸುಮ್ನೆ ಕೂತಿದ್ದ ಹುಡುಗನಿಗೆ, "ಸ್ವಲ್ಪ ಅಕ್ಕಂಗೆ ತೋರ್ಸಪ್ಪ" ಅಂದೆ. ಅವನು ಹೋದ, ಬಗ್ಗಿದ, ಮೌಸ್ ತಗೊಂಡ, ನಾಲ್ಕು ಕ್ಲಿಕ್ ಮಾಡಿದ. "ಆಯ್ತು ನೋಡ್ರಿ ಆಂಟಿ." ಅವರು ಹೂಂ ಅಂದ್ರು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಎಲ್ಲರ ಸ್ಕ್ರೀನ್ ಮೇಲೂ ಉತ್ತರ ಸರಿ ಇತ್ತು. ನನಗೆ ಖುಷಿಯೋ ಖುಷಿ. ವಾರ ಆದ್ಮೇಲೆ ಅಕ್ಕ ಬರೋದು ನಿಲ್ಲಿಸಿದ್ರು. ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು: "ಲೆಕ್ಕ ಎಲ್ಲಾ ಆ ಹುಡುಗನೇ ಮಾಡ್ಯಾನ್ರಿ ಸರ್. ನನಗೇನೂ ಬಂದಿಲ್ಲ. ಸುಮ್ನೆ ರೊಕ್ಕ ಯಾಕ್ ಕಳೀಲಿ."

ಕೊಟ್ಟ ಅರ್ಧ ಫೀಸನ್ನ ವಾಪಸ್ ಕೇಳಲಿಲ್ಲ. ನಾನೂ ಕೊಡಿಸಲಿಲ್ಲ.

ಈಗ ಇತಿಹಾಸಕ್ಕೆ ಬರೋಣ. ಮುಂದಿನ ವರ್ಷ, ಬೇರೆ ಯಾವುದೋ ಎಪಿಸೋಡ್‌ಗಾಗಿ ಧರಂಪಾಲ್ ಅವರ 'ದಿ ಬ್ಯೂಟಿಫುಲ್ ಟ್ರೀ' ಓದ್ತಿದ್ದೆ. 1983ರ ಪುಸ್ತಕ. ಹತ್ತೊಂಬತ್ತನೇ ಶತಮಾನದ ಶುರುವಲ್ಲಿ ನಮ್ಮ ಊರೂರಲ್ಲಿ ಶಾಲೆಗಳು ಹೇಗಿದ್ವು ಅಂತ ಬ್ರಿಟಿಷ್ ಕಲೆಕ್ಟರ್‌ಗಳು ಬರೆದ ಪತ್ರಗಳನ್ನ ಅವರು ಹುಡುಕಿ ತೆಗೆದು ಅದರಲ್ಲಿ ಅಚ್ಚು ಹಾಕಿದ್ದಾರೆ. ಪುಟ ತಿರುಗಿಸ್ತಾ ಹೋದ್ರೆ ಎದುರಿಗೆ ಬಂತು: ಬಳ್ಳಾರಿ, 17 ಆಗಸ್ಟ್ 1823.

ಹಿನ್ನೆಲೆ ಇಷ್ಟು. 1822ರ ಜೂನ್‌ನಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಎಲ್ಲಾ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ. ಮನ್ರೋ ನಮ್ಮ ಕಡೆಯವರಿಗೆ ಹೊಸಬನಲ್ಲ, ಗವರ್ನರ್ ಆಗೋಕೆ ಮೊದಲು ಇದೇ ಸೀಮೆಯಲ್ಲಿ ಕಲೆಕ್ಟರ್ ಆಗಿದ್ದವನು. ಹಲವು ಕಲೆಕ್ಟರ್‌ಗಳು ಕೋಷ್ಟಕ ತುಂಬಿಸಿ ಕಳಿಸಿ ಕೈ ತೊಳ್ಕೊಂಡ್ರು. ಬಳ್ಳಾರಿಯ ಎ.ಡಿ. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. ಅವನು ಅಷ್ಟರಲ್ಲಾಗಲೇ ತೆಲುಗು ವ್ಯಾಕರಣ ಬರೆದಿದ್ದ, ಭಾಷೆಯ ಹುಚ್ಚಿನ ಮನುಷ್ಯ. ಶಾಲೆ ಒಳಗೆ ಏನು ನಡೆಯುತ್ತೆ ಅಂತ ಉದ್ದಕ್ಕೆ ಬರೆದ.

ಅವನು ಕೊಟ್ಟ ಅಂಕಿ: ಜಿಲ್ಲೆಯ ಜನಸಂಖ್ಯೆ ಸುಮಾರು 9 ಲಕ್ಷ 27 ಸಾವಿರ. ಶಾಲೆಗಳು 533, ಮಕ್ಕಳು 6,641. ಅದರಲ್ಲಿ 235 ಕನ್ನಡ ಶಾಲೆ, 226 ತೆಲುಗು ಶಾಲೆ. ಇವತ್ತಿನ ಅನಂತಪುರವೂ ಆಗ ಬಳ್ಳಾರಿ ಜಿಲ್ಲೆಯೊಳಗೇ ಇತ್ತು, ಅದಕ್ಕೇ ಅಷ್ಟು ತೆಲುಗು. ಉಳಿದವು ಮರಾಠಿ, ಪರ್ಷಿಯನ್, ತಮಿಳು, ಸಂಸ್ಕೃತದವು. ಇಂಗ್ಲಿಷ್ ಶಾಲೆ ಒಂದೇ ಒಂದು.

ಕಾಮರ್ಸ್ ಓದಿದವನ ಚಟ, ಭಾಗಾಕಾರ ಮಾಡದೇ ಇರೋಕಾಗಲ್ಲ. 6,641ನ್ನ 533ರಿಂದ ಭಾಗಿಸಿ. ಒಂದು ಶಾಲೆಗೆ ಹನ್ನೆರಡು, ಹದಿಮೂರು ಮಕ್ಕಳು. ನನ್ನ ಬ್ಯಾಚ್ ಹದಿನಾಲ್ಕು.

ಮತ್ತೆ ಆ ಹನ್ನೆರಡು ಹದಿಮೂರು ಮಕ್ಕಳೂ ಒಂದೇ ಮಟ್ಟದವರಲ್ಲ. ಐದು ವರ್ಷಕ್ಕೆ ಅಕ್ಷರಾಭ್ಯಾಸ ಆಗಿ ಬಂದವನು, ಸಾಲ ಬಡ್ಡಿ ಲೆಕ್ಕ ಹಾಕೋವಷ್ಟು ಬೆಳೆದವನು, ಎಲ್ಲರೂ ಒಂದೇ ಜಗಲಿ ಮೇಲೆ. ಮೇಷ್ಟ್ರು ಒಬ್ಬನೇ. ಕ್ಯಾಂಪ್‌ಬೆಲ್ ಹೇಳೋ ಪ್ರಕಾರ ಮಕ್ಕಳನ್ನ ಸಾಮಾನ್ಯವಾಗಿ ನಾಲ್ಕು ಗುಂಪು ಮಾಡ್ತಿದ್ರು. ಕೆಳಗಿನ ಗುಂಪುಗಳನ್ನ ಮುಂದೆ ಹೋದ ಹುಡುಗರೇ ನೋಡ್ಕೊಳ್ಳೋದು. ಮೇಲಿನ ಗುಂಪುಗಳಿಗೆ ಮೇಷ್ಟ್ರೇ ಹೇಳಿಕೊಡೋದು, ಆದ್ರೆ ಅವನ ಕಣ್ಣು ಇಡೀ ಶಾಲೆ ಮೇಲೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗೋಕೆ ಜೂನ್ ತಿಂಗಳು ಬರಬೇಕಾಗಿರಲಿಲ್ಲ. ಬಂದ್ರೆ ಮುಂದೆ, ಬರದಿದ್ರೆ ಇನ್ನೂ ಸ್ವಲ್ಪ ದಿನ ಅಲ್ಲೇ.

ಕಲಿಯೋ ಕ್ರಮ ಹೀಗಿತ್ತು. ಮೊದಲು ಮರಳಿನ ಮೇಲೆ ಬೆರಳಲ್ಲಿ ಬರೀಬೇಕು. ಆಮೇಲೆ ಹಲಗೆ, ಇಲ್ಲಾ ಕಡತ. ಹಲಗೆ ಅಂದ್ರೆ ಮರದ ಪಟ್ಟಿಗೆ ಅಕ್ಕಿ, ಇದ್ದಿಲಪುಡಿ ಸವರಿದ್ದು. ಕಡತ ಅಂದ್ರೆ ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದ ಹಾಗೆ ಮಡಚಿ, ಇದ್ದಿಲು ಅಂಟು ಬಳಿದು ಕಪ್ಪು ಮಾಡಿದ್ದು. ಬಳಪದಲ್ಲಿ ಬರೆಯೋದು, ಒದ್ದೆ ಬಟ್ಟೆಯಲ್ಲಿ ಒರೆಸೋದು, ಮತ್ತೆ ಬರೆಯೋದು. ಇದನ್ನ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಈಗ ನಮ್ಮ ಸರ್ಕಾರಿ ಆಫೀಸುಗಳಲ್ಲಿ ಫೈಲಿಗೆ ಕಡತ ಅಂತಾರಲ್ಲ, 'ಕಡತ ವಿಲೇವಾರಿ' ಅಂತ ಬೋರ್ಡ್ ಇರುತ್ತಲ್ಲ, ಅದೇ ಪದ. ನಾನು ದಿನಾ ಸಂಜೆ "ಫೈಲ್ ಸೇವ್ ಮಾಡಿ" ಅಂತ ಕೂಗ್ತಿದ್ದ ಊರಲ್ಲಿ, ಇನ್ನೂರು ವರ್ಷದ ಹಿಂದೆ ಮಕ್ಕಳು ನಿಜವಾದ ಕಡತ ಹಿಡ್ಕೊಂಡು ಕೂತಿದ್ರು.

ಮುಂದೆ ಹೋದವನು ಹಿಂದಿದ್ದವನಿಗೆ ಹೇಳಿಕೊಡೋ ಈ ಪದ್ಧತಿಯನ್ನ ಕ್ಯಾಂಪ್‌ಬೆಲ್ ಬಾಯ್ತುಂಬ ಹೊಗಳ್ತಾನೆ. ಹೇಳಿಕೊಡುವಾಗ ಹೇಳಿಕೊಡುವವನ ವಿದ್ಯೆಯೂ ಗಟ್ಟಿಯಾಗುತ್ತೆ ಅಂತಾನೆ. ಇಂಗ್ಲೆಂಡ್ ಇದನ್ನ ಕಾಪಿ ಮಾಡಿದ್ದು ಸರಿಯಾಗೇ ಇದೆ ಅಂತಲೂ ಸೇರಿಸ್ತಾನೆ.

ಈ ಒಂದು ಮಾತನ್ನಷ್ಟೇ ಕತ್ತರಿಸಿ, ಹಿಂದೆ ಕೊಳಲು ಮ್ಯೂಸಿಕ್ ಹಾಕಿ ಫಾರ್ವರ್ಡ್ ಮಾಡೋ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಅವುಗಳಲ್ಲಿ ಅದೇ ವರದಿಯ ಉಳಿದ ಭಾಗ ಇರಲ್ಲ. ನಾನು ಹೇಳ್ತೀನಿ. ಶಾಲೆ ಬೆಳಿಗ್ಗೆ ಆರಕ್ಕೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿ ಅಂತ ಬರೀತಿದ್ರು. ಎರಡನೆಯವನ ಕೈಗೆ ಸೊನ್ನೆ, ಅಂದ್ರೆ ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರ್ತಾ ಹೋಗೋದು. ಹನ್ನೆರಡನೆಯವನಾಗಿ ಬಂದವನ ಗತಿ ನೀವೇ ಲೆಕ್ಕ ಹಾಕಿ. ಸೋಮಾರಿಗಳಿಗೆ ಏಟಿನ ಜೊತೆ, ಎರಡೂ ಕೈ ಕಟ್ಟಿ ರಾಟೆಯಿಂದ ಮಾಡಿಗೆ ನೇತುಹಾಕೋದು, ಇಲ್ಲಾ ಕೂತು ಎದ್ದು ಕೂತು ಎದ್ದು ಮಾಡಿಸೋದು. ಈ ಕೊನೇದು ತುಂಬಾ ನೋವಿನ ಶಿಕ್ಷೆ, ಆದ್ರೆ ಆರೋಗ್ಯಕ್ಕೆ ಒಳ್ಳೇದೇನೋ ಅಂತ ಕ್ಯಾಂಪ್‌ಬೆಲ್ ಸಾಹೇಬ ಬರೆದಿದ್ದಾನೆ. ನಮ್ಮ ಬಸ್ಕಿಗೆ ಸರ್ಕಾರಿ ಸರ್ಟಿಫಿಕೇಟು.

ಇನ್ನೊಂದು ಅಂಕಿ ಇದೆ. 6,641ರಲ್ಲಿ ಹೆಣ್ಣುಮಕ್ಕಳು 60. ಶೇಕಡಾ ಒಂದೂ ಇಲ್ಲ. ಸುಮಾರು ಒಂಬತ್ತು ಶಾಲೆ ಸುತ್ತಿದ್ರೆ ಒಬ್ಬ ಹುಡುಗಿ ಸಿಗ್ತಿದ್ಲು. ಮಕ್ಕಳು ಒಬ್ಬರಿಗೊಬ್ಬರು ಕಲಿಸ್ತಿದ್ರು ಅಂತ ನಾವು ಖುಷಿಪಡುವಾಗ ಆ ಜಗಲಿ ಮೇಲೆ ಕೂರೋಕೆ ಯಾರಿಗೆ ಜಾಗ ಇತ್ತು ಅನ್ನೋದನ್ನೂ ನೋಡಬೇಕಾಗುತ್ತೆ.

ನನ್ನನ್ನ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಮಾತ್ರ ಬೇರೆ ಸಾಲು. ಮಕ್ಕಳು ಪದ್ಯಗಳನ್ನ ಸೊಗಸಾಗಿ ಒಪ್ಪಿಸ್ತಾರೆ, ಆದ್ರೆ ಆ ಪದ್ಯದ ಭಾಷೆ ಬೇರೆ, ಇವರು ಮಾತಾಡೋ ಭಾಷೆ ಬೇರೆ, ಹಾಗಾಗಿ ಅರ್ಥ ಹುಡುಗರಿಗೂ ಗೊತ್ತಿಲ್ಲ, ಎಷ್ಟೋ ಸಲ ಮೇಷ್ಟ್ರಿಗೂ ಗೊತ್ತಿಲ್ಲ ಅಂತ ಕ್ಯಾಂಪ್‌ಬೆಲ್ ಬರೀತಾನೆ. ಗಿಳಿಪಾಠ ಅಂತೀವಲ್ಲ, ಅದೇ. ಗೇಟ್‌ವೇ ಆಫ್ ಟ್ಯಾಲಿ, ಅಕೌಂಟ್ಸ್ ಇನ್ಫೋ, ಲೆಡ್ಜರ್ಸ್, ಕ್ರಿಯೇಟ್.

ಸರಿ, ಇಂಗ್ಲೆಂಡ್ ಕಾಪಿ ಮಾಡಿದ್ದು ಅಂದ್ರೆ ಏನು? ಅದಕ್ಕೆ ಬಳ್ಳಾರಿ ಬಿಟ್ಟು ಮದ್ರಾಸಿಗೆ, 1789ಕ್ಕೆ ಹೋಗಬೇಕು. ಎಗ್ಮೋರ್‌ನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗೆ ಒಂದು ಆಶ್ರಮ ಇತ್ತು. ಅದರ ಮೇಲ್ವಿಚಾರಕ ಆಂಡ್ರ್ಯೂ ಬೆಲ್ ಅನ್ನೋ ಸ್ಕಾಟ್ಲೆಂಡಿನ ಪಾದ್ರಿ. ಒಂದು ದಿನ ಸ್ಥಳೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದೋದನ್ನ ಅವನು ನೋಡ್ತಾನೆ. ನಮ್ಮಲ್ಲೂ ಹೀಗೆ ಮಾಡಿ ಅಂತ ತನ್ನ ಶಾಲೆಯ ಮೇಷ್ಟ್ರುಗಳಿಗೆ ಹೇಳ್ತಾನೆ. ಅವರು ಆಗಲ್ಲ ಅಂತಾರೆ. ಬೆಲ್ ಆಗ ಜಾನ್ ಫ್ರಿಸ್ಕೆನ್ ಅನ್ನೋ ಎಂಟು ವರ್ಷದ ಹುಡುಗನನ್ನ, ಒಬ್ಬ ಸಾಮಾನ್ಯ ಸಿಪಾಯಿಯ ಮಗನನ್ನ, ಸಣ್ಣ ಮಕ್ಕಳಿಗೆ ಕಲಿಸೋಕೆ ಕೂರಿಸ್ತಾನೆ. ದೊಡ್ಡವರ ಕೈಲಿ ಆಗದ್ದು ಆ ಹುಡುಗನ ಕೈಲಿ ಆಯ್ತು. 1797ರಲ್ಲಿ ಬೆಲ್ ಇದನ್ನ ಲಂಡನ್ನಿನಲ್ಲಿ ಪುಸ್ತಕ ಮಾಡಿದ. ಅಲ್ಲಿ ಇದಕ್ಕೆ ಮದ್ರಾಸ್ ಪದ್ಧತಿ ಅಂತ ಹೆಸರು ಬಿತ್ತು. ಅವನ ಊರು ಸೇಂಟ್ ಆಂಡ್ರ್ಯೂಸ್‌ನಲ್ಲಿ ಇವತ್ತಿಗೂ ಮದ್ರಾಸ್ ಕಾಲೇಜ್ ಅನ್ನೋ ಶಾಲೆ ಇದೆ.

ಮುಂದಿನ ವರ್ಷ, 1798ರಲ್ಲಿ, ಲಂಡನ್ನಿನ ಸದರ್ಕ್‌ನಲ್ಲಿ ಜೋಸೆಫ್ ಲಂಕಾಸ್ಟರ್ ಅನ್ನೋ ಯುವಕ ಬಡಮಕ್ಕಳಿಗೆ ಶಾಲೆ ತೆಗೆದ. ಅವನದೂ ಹೆಚ್ಚುಕಡಿಮೆ ಇದೇ ಪದ್ಧತಿ. ಮೊದಲು ಕಂಡುಹಿಡಿದವನು ನಾನೋ ನೀನೋ ಅಂತ ಅವರಿಬ್ಬರ ಕಡೆಯವರು ವರ್ಷಗಟ್ಟಲೆ ಜಗಳ ಆಡಿದ್ರು, ಅದನ್ನ ಬಿಡಿ. ನೋಡಬೇಕಾದ್ದು ಲಂಕಾಸ್ಟರನ ಹಾಲ್. ಉದ್ದುದ್ದ ಬೆಂಚು, ನೂರಾರು ಮಕ್ಕಳು, ಒಬ್ಬನೇ ಮೇಷ್ಟ್ರು, ಬೆಂಚಿಗೊಬ್ಬ ಮಾನಿಟರ್. ಪುಸ್ತಕದ ಖರ್ಚು ಉಳಿಸೋಕೆ ಪಾಠದ ಹಾಳೆಗಳನ್ನ ಗೋಡೆಗೆ ನೇತುಹಾಕೋದು. ಚಿಕ್ಕವರಿಗೆ ಮರಳಿನ ಟೇಬಲ್. ತಪ್ಪು ಮಾಡಿದವರನ್ನ ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ಏರಿಸೋ ಶಿಕ್ಷೆಯೂ ಇತ್ತು. ಆ ಹಗ್ಗವೂ ನಮ್ಮ ಕಡೆಯಿಂದಲೇ ಹೋಯ್ತಾ ಅಂತ ಮಾತ್ರ ಕೇಳಬೇಡಿ.

ನನ್ನ ಪ್ರಕಾರ ಇಲ್ಲಿಂದ ಅಲ್ಲಿಗೆ ಹಡಗು ಹತ್ತಿದ್ದು ಅರ್ಧ ಪದ್ಧತಿ ಮಾತ್ರ. ಮರಳು ಹೋಯ್ತು, ಮಾನಿಟರ್ ಹೋದ. ಇಡೀ ಶಾಲೆ ಮೇಲಿದ್ದ ಮೇಷ್ಟ್ರ ಕಣ್ಣು ಹೋಗಲಿಲ್ಲ, ಯಾಕಂದ್ರೆ ಹದಿಮೂರು ಮಕ್ಕಳ ಮೇಲೆ ಇಡೋ ಕಣ್ಣನ್ನ ಐನೂರು ಮಕ್ಕಳ ಮೇಲೆ ಇಡೋಕಾಗಲ್ಲ. ಬಳ್ಳಾರಿಯಲ್ಲಿ ಮಾನಿಟರ್ ಮೇಷ್ಟ್ರಿಗೆ ಸಹಾಯಕ್ಕಿದ್ದ. ಲಂಡನ್ನಿನಲ್ಲಿ ಅವನು ಮೇಷ್ಟ್ರ ಸಂಬಳ ಉಳಿಸೋಕಿದ್ದ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಅವರು ಕಂಡಿದ್ದು ಕಾಸ್ಟ್ ಪರ್ ಸ್ಟೂಡೆಂಟ್. ನಾನು ಆ ಹುಡುಗನನ್ನ ಅಕ್ಕನ ಹತ್ತಿರ ಕಳಿಸಿದಾಗ ನೋಡಿದ್ದೂ ಅದನ್ನೇ. ಅವನು ಹೋದ್ರೆ ನಾನು ಹೋಗೋದು ತಪ್ಪುತ್ತಲ್ಲ ಅಂತ.

ಮಾನಿಟರ್ ಪದ್ಧತಿ ಇಂಗ್ಲೆಂಡಿನಲ್ಲೂ ಬಹಳ ಕಾಲ ನಿಲ್ಲಲಿಲ್ಲ. 1862ರಲ್ಲಿ ರಾಬರ್ಟ್ ಲೋ ಅನ್ನೋ ಮಂತ್ರಿ ಹೊಸ ನಿಯಮ ತಂದ. ಓದು, ಬರಹ, ಲೆಕ್ಕಕ್ಕೆ ಆರು ಮಟ್ಟ. ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡಬೇಕು, ಎಷ್ಟು ಮಕ್ಕಳು ಪಾಸೋ ಅದರ ಮೇಲೆ ಶಾಲೆಗೆ ದುಡ್ಡು. ಆ ಮಟ್ಟಗಳಿಗೆ ಇಟ್ಟ ಹೆಸರು ಸ್ಟ್ಯಾಂಡರ್ಡ್. "ಯಾವ ಸ್ಟ್ಯಾಂಡರ್ಡ್ ಓದ್ತಿದ್ದೀಯ ಪುಟ್ಟಾ" ಅಂತ ಮದುವೆ ಮನೆಯಲ್ಲಿ ಕೇಳ್ತಾರಲ್ಲ, ಅದೇ ಪದ. ಒಂದು ಕೋಣೆಯಲ್ಲಿ ಕೂತವರೆಲ್ಲ ಒಂದೇ ಮಟ್ಟದಲ್ಲಿರಬೇಕು ಅನ್ನೋ ನಿರೀಕ್ಷೆ ಗಟ್ಟಿಯಾಗಿ ಬೇರೂರಿದ್ದು ಇಂಥ ವ್ಯವಸ್ಥೆಗಳಿಂದ. ನನ್ನ ಬ್ಯಾಚು ಕೆಟ್ಟ ಬ್ಯಾಚು ಅಂತ ನಾನು ಆರು ತಿಂಗಳು ಗೊಣಗಿದ್ದೆ. ಬಳ್ಳಾರಿಯ ಜಗಲಿ ಮೇಷ್ಟ್ರಿಗೆ ಅದು ಮಾಮೂಲಿ ದಿನ.

ಇದನ್ನೆಲ್ಲ ಓದಿದ ಮೇಲೆ, 2019ರ ಬ್ಯಾಚಿನಲ್ಲಿ ಕೆಲವು ಬದಲಾವಣೆ ಮಾಡಿದೆ. ದೊಡ್ಡ ಪ್ರಯೋಗ ಏನಲ್ಲ. ಮರಳಲ್ಲಿ ಬರೆಯುವಾಗ ಬೆರಳು ಕಲಿಯೋ ಮಗುವಿನದೇ ಅಲ್ವಾ? ಹಾಗಾಗಿ, ಯಾರು ಯಾರಿಗೆ ಹೇಳಿಕೊಟ್ರೂ ಕೈ ಬೆನ್ನ ಹಿಂದೆ ಕಟ್ಕೊಂಡು ಹೇಳಿಕೊಡಬೇಕು ಅಂತ ರೂಲ್ ಮಾಡಿದೆ. ಬಾಯಲ್ಲಿ ಎಷ್ಟು ಬೇಕಾದ್ರೂ ಹೇಳಿ, ಕೀಬೋರ್ಡ್ ಮುಟ್ಟೋ ಹಾಗಿಲ್ಲ. ಕೇಳೋಕೆ ಸುಲಭ. ಮಾಡಿ ನೋಡಿ, ಪ್ರಾಣ ಹೋಗುತ್ತೆ. ಗೊತ್ತಿದ್ದವನಿಗೆ ಎರಡು ಸೆಕೆಂಡಿನ ಕೆಲಸವನ್ನ ಇನ್ನೊಬ್ಬರು ಎರಡು ನಿಮಿಷ ಮಾಡೋದನ್ನ ನೋಡ್ಕೊಂಡು ನಿಲ್ಲಬೇಕು. ನನಗೇ ಕೈ ತಡೆಯೋಕಾಗ್ತಿರಲಿಲ್ಲ.

ಇನ್ನೊಂದು, ಟ್ಯಾಲಿ ಪಾಠದ ಹೊತ್ತಿಗೆ ಎಲ್ಲಾ ಮೌಸ್ ಕಿತ್ತು ಡ್ರಾಯರಿಗೆ ಹಾಕಿದೆ. ಟ್ಯಾಲಿಗೆ ಮೌಸ್ ಬೇಕಾಗಿಲ್ಲ. ಅದು ನಮ್ಮ ಬೆಂಗಳೂರಿನದೇ ಸಾಫ್ಟ್‌ವೇರ್. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಹೊಂದೋ ಪ್ರೋಗ್ರಾಂ ಸಿಗದೆ ಮಗ ಭರತ್ ಕೈಲಿ ಬರೆಸಿದ್ದು. ಡಾಸ್ ಕಾಲದ್ದಾದ್ದರಿಂದ ಎಲ್ಲಾ ಕೀಬೋರ್ಡ್ ಮೇಲೇ ನಡೆಯುತ್ತೆ: ಎಫ್5 ಒತ್ತಿದ್ರೆ ಪೇಮೆಂಟ್, ಎಫ್6 ರಸೀದಿ, ಎಫ್8 ಮಾರಾಟ, ಎಫ್9 ಖರೀದಿ.

ಮೌಸ್ ಹೋದ ದಿನ ಕ್ಲಾಸಿನ ಸಾಲೇ ಉಲ್ಟಾ ಆಯ್ತು. ಆ ಬ್ಯಾಚಿನಲ್ಲಿ ಒಬ್ಬ ಗುಮಾಸ್ತರಿದ್ರು, ಅರವತ್ತರ ಹತ್ತಿರ. ಮೂವತ್ತು ವರ್ಷ ಕಾಳಿನ ಅಂಗಡಿಯಲ್ಲಿ ಕಿರ್ದಿ ಬರೆದವರು. ಮೌಸ್ ಹಿಡಿದ್ರೆ ಕೈ ನಡುಗ್ತಿತ್ತು. ಅದೇ ಕೈ ಕೀಬೋರ್ಡಿನ ಬಲಗಡೆಯ ಅಂಕಿಗಳ ಮೇಲೆ ಬಿತ್ತು ನೋಡಿ, ಕ್ಯಾಲ್ಕ್ಯುಲೇಟರ್ ಒತ್ತಿ ಒತ್ತಿ ಪಳಗಿದ್ದ ಬೆರಳು, ನೋಡದೇ ಹೊಡೀತಿದ್ರು. ಪಕ್ಕದಲ್ಲಿದ್ದ ಡಿಗ್ರಿ ಹುಡುಗ ಬೆರಗಾಗಿ ನಿಂತ. ಅವರು ಅವನನ್ನ ಕೇಳಿದ್ರು, "ತಮ್ಮಾ, ಖರೀದಿ ಮಾಡಿದ ಮಾಲು ವಾಪಸ್ ಕಳಿಸಿದ್ರ ಅದನ್ನ ಯಾವ ಕಡಿಗೆ ಬರೀತಿ?" ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಒಂದು ತಿಂಗಳು ಅವರಿಬ್ಬರೂ ಒಂದೇ ಸಿಸ್ಟಮ್ಮಿಗೆ ಕೂತ್ರು. ಇವರು ಡೆಬಿಟ್ ಕ್ರೆಡಿಟ್ ಹೇಳೋದು, ಅವನು ಎಕ್ಸೆಲ್ ಹೇಳೋದು. ಇಬ್ಬರೂ ಕೈ ಹಿಂದೆ ಕಟ್ಕೊಂಡು.

ಎಲ್ಲವೂ ಚೆನ್ನಾಗಾಯ್ತು ಅಂತೇನಿಲ್ಲ. ಇನ್ನೊಬ್ಬ ಚುರುಕು ಹುಡುಗಿ ಇದ್ಲು. ಒಂದು ದಿನ ನೇರವಾಗಿ ಬಂದು, "ಸರ್, ನಾನು ಫೀಸ್ ಕೊಟ್ಟಿದ್ದು ಕಲಿಯೋಕೆ, ಕಲಿಸೋಕಲ್ಲ" ಅಂದ್ಲು. ಅವಳು ಹೇಳಿದ್ದು ಸರಿ. ಹೇಳಿಕೊಟ್ರೆ ನಮ್ಮದೂ ಗಟ್ಟಿಯಾಗುತ್ತೆ ಅಂತ ಕ್ಯಾಂಪ್‌ಬೆಲ್ ಅಂದಿದ್ದು ಮೊದಲ ಮೂರು ಸಲಕ್ಕೆ ನಿಜ. ಹತ್ತನೇ ಸಲ ಅದೇ ಲೆಡ್ಜರ್ ಹೇಳಿಕೊಡೋದು ಬರೀ ಚಾಕರಿ. ಅವಳಿಗೆ ರಿಟರ್ನ್ ಫೈಲಿಂಗಿನ ಪಾಠ ಬೇರೆ ಕೊಟ್ಟೆ. ಅದರಿಂದ ಹಿಂದಿನ ಸಾಲಿಗೆ ನನ್ನ ಹೊತ್ತು ಕಡಿಮೆ ಆಯ್ತು. ಎರಡು ಬ್ಯಾಚ್ ಮಾಡೋಣ ಅಂತ ಸೆಂಟರಿನವರನ್ನ ಕೇಳಿದೆ. ಬಾಡಿಗೆ ಲೆಕ್ಕ ತೋರಿಸಿದ್ರು. ಆ ಲೆಕ್ಕ ನನಗೂ ಅರ್ಥ ಆಗುತ್ತೆ.

2020ರ ಫೆಬ್ರವರಿಯಲ್ಲಿ, ಮೊದಲ ಬ್ಯಾಚಿನ ಆ ಅಕ್ಕನಿಗೆ ಮತ್ತೆ ಫೋನ್ ಮಾಡಿದೆ. ಫೀಸ್ ಬೇಡ, ಬನ್ನಿ, ಈ ಸಲ ಯಾರೂ ನಿಮ್ಮ ಕೀಬೋರ್ಡ್ ಮುಟ್ಟಲ್ಲ ಅಂದೆ. ಲೆಕ್ಕಕ್ಕೆ ಮಾಲೀಕರು ಬೇರೆ ಹುಡುಗನ್ನ ಇಟ್ಕೊಂಡಿದ್ರು, ಇವರು ಅದೇ ಯೂನಿಟ್ಟಲ್ಲಿ ಮತ್ತೆ ಮಷಿನ್ ಮೇಲೆ ಕೂತಿದ್ರು. "ಹಬ್ಬ ಮುಗೀಲಿ, ಬರ್ತೀನ್ರಿ ಸರ್" ಅಂದ್ರು. ಯುಗಾದಿ ಹೊತ್ತಿಗೆ ಲಾಕ್‌ಡೌನ್ ಬಂತು. ಸೆಂಟರ್ ಮತ್ತೆ ತೆರೆಯಲಿಲ್ಲ. ಕಂಪ್ಯೂಟರ್‌ಗಳನ್ನ ಯಾರೋ ಒಟ್ಟಿಗೆ ಕೊಂಡ್ರು.

ಖಾಲಿ ಮಾಡೋಕೆ ಹೋದಾಗ ಕೊನೇ ಸಾಲಿನ ಡ್ರಾಯರಿನಲ್ಲಿ ಅವರ ನೋಟ್‌ಬುಕ್ ಸಿಕ್ಕಿತು. ಏಳು ದಿನದ ಪಾಠ, ತಪ್ಪಿಲ್ಲದ ಕನ್ನಡದಲ್ಲಿ. ಈ ಎಪಿಸೋಡ್ ರೆಕಾರ್ಡ್ ಮಾಡುವಾಗಲೂ ಅದು ನನ್ನ ಟೇಬಲ್ ಮೇಲೇ ಇದೆ. ಎರಡನೇ ಪುಟದ ಅಂಚಲ್ಲಿ, ಪಾಠಕ್ಕೆ ಸಂಬಂಧ ಇಲ್ಲದ ಹಾಗೆ, ಸಣ್ಣಕ್ಷರದಲ್ಲಿ ಒಂದು ಸಾಲು ಬರ್ಕೊಂಡಿದ್ದಾರೆ: ಮೌಸ್ ಎತ್ತಿ ಇಡಬಹುದು.